ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ದುಡ್ಡು ಯಾವುದಕ್ಕೆ ಕೊಡಬೇಕು?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಈಚೆಗೆ ರೇಟು ಚೆನ್ನಾಗಿ ಬಂದು ಸಾಲ ತೀರಿತು. ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಆಸೆ. 55 ಲಕ್ಷದವರೆಗೆ ಹಾಕಬಹುದು. ಮೂರು ಗಾಡಿ ನೋಡಿದ್ದೇನೆ. 2017ರ ಫೋರ್ಡ್ ಮಸ್ಟಾಂಗ್ ಜಿಟಿ, 54 ಲಕ್ಷ ಹೇಳುತ್ತಿದ್ದಾರೆ. 2013ರ ಪೋರ್ಷೆ ಬಾಕ್ಸ್‌ಸ್ಟರ್, ಪುದುಚೇರಿ ನಂಬರ್, 40 ಲಕ್ಷ. 2016ರ ಆಡಿ ಟಿಟಿ, ಬೆಂಗಳೂರು ನಂಬರ್, 33 ಲಕ್ಷ. ನನ್ನ ಮನಸ್ಸು ಬಾಕ್ಸ್‌ಸ್ಟರ್ ಮೇಲಿದೆ. ಪೋರ್ಷೆ ಈ ಬೆಲೆಗೆ ಮತ್ತೆ ಸಿಗಲ್ಲ ಅನಿಸುತ್ತಿದೆ. ಮನೆಯವರು ಮಾತ್ರ ‘ತಗೊಳ್ಳೋದು ಸುಲಭ, ರಿಪೇರಿಗೆ ತೋಟ ಮಾರಬೇಕಾಗುತ್ತೆ’ ಅಂತಾರೆ. ದಿನದ ಓಡಾಟಕ್ಕೆ ಬೇರೆ ಜೀಪು ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯವರ ಮಾತಿನಲ್ಲಿ ಹುರುಳಿದೆ. ಹಾಗಂತ ಆಸೆ ಬಿಡಬೇಕಾಗಿಲ್ಲ. ಲೆಕ್ಕ ಹಾಕುವ ರೀತಿ ಸ್ವಲ್ಪ ಬದಲಾಯಿಸಿಕೊಳ್ಳಿ, ಸಾಕು.

ಸ್ಪೋರ್ಟ್ಸ್ ಕಾರು ಹಳೆಯದಾದಷ್ಟೂ ಅದರ ಮಾರಾಟದ ಬೆಲೆ ಇಳಿಯುತ್ತದೆ. ಸ್ಪೇರ್ಸ್ ಬೆಲೆ ಇಳಿಯಲ್ಲ, ವರ್ಷಾ ವರ್ಷ ಏರುತ್ತದೆ. 40 ಲಕ್ಷಕ್ಕೆ ತಂದ ಪೋರ್ಷೆಗೆ ಬ್ರೇಕು, ಟಯರು, ಗೇರ್‌ಬಾಕ್ಸ್ ಕೆಲಸ ಬಂದರೆ ಬಿಲ್ ಬರೋದು ಹೊಸ ಪೋರ್ಷೆಯ ರೇಟಿನಲ್ಲೇ. ಹಾಗಾಗಿ ನನ್ನ ಮೊದಲ ಸಲಹೆ: 55 ಲಕ್ಷ ಇದ್ದರೆ 44 ಲಕ್ಷದ ಒಳಗಿನ ಗಾಡಿ ನೋಡಿ. ಐದನೇ ಒಂದು ಭಾಗ ಬ್ಯಾಂಕಿನಲ್ಲಿರಲಿ. ಕಾಫಿ ದುಡ್ಡು ಕೈಗೆ ಬರೋದು ಕೊಯ್ಲು ಮುಗಿದ ಮೇಲೆ. ರಿಪೇರಿ ಬಂದು ನಿಲ್ಲೋದು ಜುಲೈನಲ್ಲೂ ಆಗಬಹುದು, ಅಲ್ವಾ? ಈ ಲೆಕ್ಕದಲ್ಲಿ 54 ಲಕ್ಷದ ಮಸ್ಟಾಂಗ್ ಮೊದಲೇ ಹೊರಗೆ ಹೋಯಿತು.

ಮಸ್ಟಾಂಗ್ ಕೆಟ್ಟ ಗಾಡಿ ಅಲ್ಲ, ಅದನ್ನೂ ಹೇಳಬೇಕು. 2016ರ ಜುಲೈನಲ್ಲಿ 65 ಲಕ್ಷ ಎಕ್ಸ್-ಶೋರೂಮ್ ಬೆಲೆಗೆ ಇಲ್ಲಿಗೆ ಬಂತು. ಈಗಲೂ ಐವತ್ತರ ಮೇಲೆ ಕೇಳುತ್ತಿದ್ದಾರೆ ಅಂದರೆ ಅದು ಬೆಲೆ ಉಳಿಸಿಕೊಂಡಿರುವುದೇ ಒಂದು ಗುಣ. 4,951 ಸಿಸಿಯ ವಿ8 (ಎಂಟು ಸಿಲಿಂಡರಿನ) ಎಂಜಿನ್, 401 ಪಿಎಸ್ ಶಕ್ತಿ (ಪಿಎಸ್ ಅಂದರೆ ಹಾರ್ಸ್‌ಪವರ್ ಥರದ್ದೇ ಅಳತೆ), ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಎಂಜಿನ್ ಗಟ್ಟಿಮುಟ್ಟು. ಆದರೆ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಸರ್ವಿಸ್ ನಡೆಯುತ್ತಿದೆ. ಆದರೂ ಹೊರಗಿನಿಂದ ಪೂರ್ತಿಯಾಗಿ ತಂದ ಈ ಗಾಡಿಗೆ ಒಂದು ಹೆಡ್‌ಲೈಟೋ ಬಂಪರ್ರೋ ಬೇಕಾದರೆ ಕಾಯಬೇಕು. ಇನ್ನೊಂದು, ಅದರ ಅಗಲ ಕನ್ನಡಿ ಬಿಟ್ಟು 1,916 ಮಿ.ಮೀ. ಆಲ್ದೂರು, ಬಾಳೆಹೊನ್ನೂರು ಕಡೆ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ನೀವು ಎಡಗಡೆ ಚರಂಡಿ ಅಂಚಿಗೆ ಇಳಿಸಬೇಕು. ಅಷ್ಟು ತಗ್ಗಿನ ಗಾಡಿಯಲ್ಲಿ ಹಾಗೆ ಇಳಿಸುವುದು ಕಷ್ಟ.

ಇನ್ನು ನಿಮ್ಮ ಬಾಕ್ಸ್‌ಸ್ಟರ್. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮನಸ್ಸು ಅಲ್ಲಿದೆ.

ಬಾಕ್ಸ್‌ಸ್ಟರ್ ಹೆಸರೆತ್ತಿದರೆ ಕೆಲವರು ‘ಐಎಂಎಸ್ ಬೇರಿಂಗ್’ ಅಂತ ಹೆದರಿಸುತ್ತಾರೆ. ಆ ಭಯ ಸುಳ್ಳಲ್ಲ. 2008ರವರೆಗಿನ ಬಾಕ್ಸ್‌ಸ್ಟರ್‌ಗಳ ಎಂಜಿನ್ನಿನಲ್ಲಿ ಒಂದು ಮಧ್ಯದ ಶಾಫ್ಟ್ ಇತ್ತು. ಅದರ ಬೇರಿಂಗ್ ಸವೆದು ಒಡೆದರೆ ಲೋಹದ ಚೂರುಗಳು ಆಯಿಲ್‌ನಲ್ಲಿ ಸೇರಿ ಇಡೀ ಎಂಜಿನ್ ಹಾಳಾಗುತ್ತಿತ್ತು. 2009ರ ಮಾಡೆಲ್‌ನಿಂದ ಎಂಜಿನ್ ಹೊಸದಾಗಿ ವಿನ್ಯಾಸವಾಯಿತು, ಆ ಬೇರಿಂಗೇ ಹೋಯಿತು. ನೀವು ನೋಡಿರುವ 2013ರ ಗಾಡಿಗೆ ಈ ಸಮಸ್ಯೆ ಇಲ್ಲ. ಟರ್ಬೊ ಇಲ್ಲದ ಆರು ಸಿಲಿಂಡರಿನ ಎಂಜಿನ್ ಬೇಕು ಅನ್ನುವವರು ಇವತ್ತಿಗೂ ಇದನ್ನೇ ಹುಡುಕುತ್ತಾರೆ. 2016ರಲ್ಲಿ ಬಂದ 718 ಬಾಕ್ಸ್‌ಸ್ಟರ್‌ಗೆ ನಾಲ್ಕು ಸಿಲಿಂಡರಿನ ಟರ್ಬೊ ಬಂತಲ್ಲ, ಅದರಿಂದ ಹಳೆಯದಕ್ಕೆ ಬೇಡಿಕೆ ಉಳಿದುಕೊಂಡಿದೆ. ಗಾಡಿಯ ಆಯ್ಕೆಯಲ್ಲಿ ನೀವು ತಪ್ಪಿಲ್ಲ.

ತೊಂದರೆ ಇರೋದು ನಂಬರ್ ಪ್ಲೇಟಿನಲ್ಲಿ. ಪುದುಚೇರಿ ನೋಂದಣಿ ಯಾಕೆ ಅಂತ ಕೇಳಿದಿರಾ? ಅಲ್ಲಿ ತೆರಿಗೆ ಕಡಿಮೆ. ನಮ್ಮಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಿತಾವಧಿ ತೆರಿಗೆಯೇ 18%, ಸೆಸ್ ಬೇರೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಓಡಬೇಕಾದರೆ ಆ ರಾಜ್ಯದ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು, ಇಲ್ಲಿನ ತೆರಿಗೆ ಕಟ್ಟಿ, ಇಲ್ಲಿನ ನಂಬರ್ ಮಾಡಿಸಲೇಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಹೀಗೆ ತೆರಿಗೆ ಕಟ್ಟದ ಐಷಾರಾಮಿ ಕಾರುಗಳನ್ನು ಸಾಲಾಗಿ ಹಿಡಿದರು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಸುಮಾರು 1.42 ಕೋಟಿ ರೂಪಾಯಿ ಕಟ್ಟಿಸಿಕೊಂಡರು. ಚಿಕ್ಕಮಗಳೂರಿನಂಥ ಊರಿನಲ್ಲಿ ಒಂದು ಪೋರ್ಷೆ ಯಾರ ಕಣ್ಣಿಗೂ ಬೀಳದೆ ಓಡಲು ಸಾಧ್ಯವೇ ಇಲ್ಲ.

ಆದ್ದರಿಂದ ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ಜೆರಾಕ್ಸ್ ಹಿಡಿದು ಚಿಕ್ಕಮಗಳೂರು ಆರ್‌ಟಿಒ ಕಚೇರಿಗೆ ಹೋಗಿ. ಗಾಡಿ ಹೊಸದಿದ್ದಾಗಿನ ಬೆಲೆ, ಈಗಿನ ವಯಸ್ಸು ನೋಡಿ ಎಷ್ಟು ತೆರಿಗೆ ಬರುತ್ತದೆ ಅಂತ ಲೆಕ್ಕ ಹೇಳುತ್ತಾರೆ. ಆ ಮೊತ್ತವನ್ನು 40 ಲಕ್ಷಕ್ಕೆ ಸೇರಿಸಿ. ನೋಂದಣಿ ಅವಧಿ 15 ವರ್ಷ, ಅಂದರೆ 2028ಕ್ಕೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. ಆ ಖರ್ಚನ್ನೂ ಸೇರಿಸಿ. ಆಮೇಲೂ ಅಗ್ಗ ಅನಿಸಿದರೆ ಮುಂದುವರಿಯಿರಿ. ಎನ್‌ಒಸಿ ತರುವ ಜವಾಬ್ದಾರಿ ಮಾರುವವರದ್ದು ಅಂತ ಬರೆಸಿಕೊಳ್ಳಿ. ‘ಹಾಗೇ ಓಡಿಸಿ ಸರ್, ಯಾರೂ ಕೇಳಲ್ಲ’ ಅಂದರೆ ಅಲ್ಲೇ ನಿಲ್ಲಿಸಿ.

ಗಾಡಿಯನ್ನು ನೋಡುವಾಗ ಪೇಂಟ್ ಹೊಳಪು ನೋಡಬೇಡಿ. ಪೋರ್ಷೆ ಸರ್ವಿಸ್ ಸೆಂಟರಿಗೆ ಕರೆದೊಯ್ದು ದುಡ್ಡು ಕೊಟ್ಟು ತಪಾಸಣೆ ಮಾಡಿಸಿ. ಅವರ ಯಂತ್ರ ಹಾಕಿದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಬರುತ್ತದೆ. ಮೀಟರಿನ ಕಿಲೋಮೀಟರನ್ನು ಆ ಗಂಟೆಯಿಂದ ಭಾಗಿಸಿ. ಮೀಟರಿನಲ್ಲಿ 18,000 ಕಿ.ಮೀ. ಇದ್ದು ಎಂಜಿನ್ 1,800 ಗಂಟೆ ಓಡಿದೆ ಅಂದರೆ ಗಂಟೆಗೆ ಬರೀ 10 ಕಿ.ಮೀ. ಸರಾಸರಿ. ಬೆಂಗಳೂರಿನ ಟ್ರಾಫಿಕ್ ಲೆಕ್ಕಕ್ಕೂ ಅದು ಕಡಿಮೆಯೇ. ಮೀಟರ್ ಹಿಂದಕ್ಕೆ ತಿರುಗಿಸಿರಬಹುದು. ಎಂಜಿನ್ನನ್ನು ಮಿತಿ ಮೀರಿ ಎಷ್ಟು ಸಲ ತಿರುಗಿಸಿದ್ದಾರೆ ಅನ್ನುವುದೂ ಅದೇ ರಿಪೋರ್ಟಿನಲ್ಲಿ ಇರುತ್ತದೆ. ಅದರ ಪ್ರಿಂಟ್ ತೆಗೆಸಿಕೊಳ್ಳಿ.

ಬಾಕ್ಸ್‌ಸ್ಟರ್‌ಗೆ ನಿಮ್ಮ ತೋಟದಲ್ಲಿ ಒಂದು ವಿಶೇಷ ಶತ್ರು ಇದೆ: ಸಿಲ್ವರ್ ಓಕ್ ಎಲೆ. ಈ ಕಾರಿನ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎಡಕ್ಕೂ ಬಲಕ್ಕೂ ಇವೆ. ಅವುಗಳ ಮುಂದೆ ಎಸಿ ಕಂಡೆನ್ಸರ್. ಬಂಪರಿನ ಕಿಂಡಿಯಲ್ಲಿ ಎಲೆ ನುಗ್ಗಿ ಕಂಡೆನ್ಸರ್ ಮುಂದೆ ಮುದ್ದೆಯಾಗಿ ಕೂರುತ್ತದೆ. ಮಳೆಗಾಲವಿಡೀ ಒದ್ದೆ. ನಿಧಾನವಾಗಿ ಅಲ್ಯೂಮಿನಿಯಂ ತಿಂದು ತೂತು ಮಾಡುತ್ತದೆ. ಟಾರ್ಚ್ ಹಿಡಿದು ಕಿಂಡಿಯೊಳಗೆ ನೋಡಿ. ಕಪ್ಪು ಎಲೆಯ ಪದರ ಕಂಡರೆ ಆ ಗಾಡಿಯನ್ನು ಯಾರೂ ಮನಸ್ಸಿಟ್ಟು ನೋಡಿಕೊಂಡಿಲ್ಲ. ಮಡಚಿ ತೆರೆಯುವ ಬಟ್ಟೆ ಟಾಪಿನ ನೀರು ಇಳಿಯುವ ತೂತುಗಳೂ ಹಾಗೇ ಕಟ್ಟಿಕೊಳ್ಳುತ್ತವೆ. ಆಗ ನೀರು ಒಳಗೆ ಬರುತ್ತದೆ. ಹಳೇ ಬಾಕ್ಸ್‌ಸ್ಟರ್‌ಗಳಲ್ಲಿ ಸೀಟಿನಡಿಯ ಎಲೆಕ್ಟ್ರಾನಿಕ್ ಮಾಡ್ಯೂಲ್ ಹೀಗೇ ನೆನೆದು ಗಾಡಿ ಸ್ಟಾರ್ಟೇ ಆಗದೆ ನಿಂತದ್ದುಂಟು. ಕಾರ್ಪೆಟ್ ಒತ್ತಿ ನೋಡಿ, ಮೂಸಿ ನೋಡಿ.

ಮೂರರಲ್ಲಿ ಯಾವ ಗಾಡಿಯೇ ಆಗಲಿ, ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ಕೊನೆಯ ಗೇಣಿನಷ್ಟು ಭಾಗ ನೋಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನಲ್ಲಿ ದುಬಾರಿ ಕಾರುಗಳೇ ಮುಳುಗಿದ್ದವು. ಒಳಗನ್ನೆಲ್ಲ ತೊಳೆಸಿದರೂ ಬೆಲ್ಟಿನ ತುದಿಯ ಕೆಸರಿನ ಗೆರೆ ಹೋಗಲ್ಲ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾದರೆ ಟ್ರೆಡ್ (ಟಯರಿನ ಮೇಲಿನ ಗೆರೆಗಳು) ಎಷ್ಟೇ ಇದ್ದರೂ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಚಾರ್ಮಾಡಿಯ ಮಳೆಯಲ್ಲಿ ಅಂಥ ಟಯರ್ ನಂಬಬೇಡಿ. ನಾಲ್ಕು ಟಯರಿನ ದುಡ್ಡು ಬೆಲೆಯಲ್ಲಿ ಕಳೆಯಿರಿ.

ಈಗ ಆಡಿ ಟಿಟಿ. ನನ್ನ ಕೈಯಲ್ಲಿ ನಿಮ್ಮ ದುಡ್ಡು ಇದ್ದರೆ ನಾನು ಇದನ್ನೇ ತರುತ್ತೇನೆ. 2015ರಲ್ಲಿ ಸುಮಾರು 60 ಲಕ್ಷಕ್ಕೆ ಬಂದ ಗಾಡಿ. ದೊಡ್ಡ ಇಳಿಕೆಯ ಪೆಟ್ಟನ್ನು ಮೊದಲ ಮಾಲೀಕರು ತಿಂದಾಗಿದೆ. 2 ಲೀಟರ್ ಟರ್ಬೊ, 230 ಪಿಎಸ್, ನಾಲ್ಕೂ ಚಕ್ರಕ್ಕೆ ಎಳೆತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಆ ಎಳೆತಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ಇದೇ ಕುಟುಂಬದ ಎಂಜಿನ್ನು ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳಲ್ಲೂ ಇದೆ. ಹಾಗಾಗಿ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗಳು ಮಂಗಳೂರು, ಬೆಂಗಳೂರು ಎರಡೂ ಕಡೆ ಸಿಗುತ್ತಾರೆ. ಪೋರ್ಷೆಗೆ ನೀವು ಇನ್ನೂರು ಕಿ.ಮೀ.ಗೂ ಮೇಲೆ ದೂರ ಇರುವ ಬೆಂಗಳೂರಿಗೇ ಹೋಗಬೇಕು. ನೀವು ಇರುವ ಜಾಗದಲ್ಲಿ ಗಾಡಿಯ ನಂಬಿಕೆ ಅಂದರೆ ಅದು ಎಷ್ಟು ಸಲ ಕೆಡುತ್ತದೆ ಅನ್ನುವುದಷ್ಟೇ ಅಲ್ಲ. ಕೆಟ್ಟಾಗ ಗೊತ್ತಿರುವವನ ಕೈ ಸೇರಲು ಎಷ್ಟು ದಿನ ಅನ್ನುವುದೂ ಹೌದು.

ಟಿಟಿಯಲ್ಲೂ ನೋಡಬೇಕಾದದ್ದಿದೆ. ಈ ಎಂಜಿನ್ನಿನ ವಾಟರ್ ಪಂಪ್, ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಭಾಗದಲ್ಲಿ ಕೂಲೆಂಟ್ ಸೋರುವುದು ಸಾಮಾನ್ಯ. ಬದಲಾಯಿಸಿದ್ದರೆ ಬಿಲ್ ಕೇಳಿ. ಗೇರ್‌ಬಾಕ್ಸ್ ಆಯಿಲ್, ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಹಾಲ್ಡೆಕ್ಸ್ ಘಟಕದ ಆಯಿಲ್ ಎರಡನ್ನೂ ಸರಿಯಾದ ಸಮಯಕ್ಕೆ ಬದಲಾಯಿಸಿದ ದಾಖಲೆ ಬೇಕು. ತೋಟ ಕೊಳ್ಳುವಾಗ ಪಹಣಿ ನೋಡದೆ ಅಡ್ವಾನ್ಸ್ ಕೊಡ್ತೀರಾ? ಸರ್ವಿಸ್ ಬಿಲ್ಲುಗಳನ್ನು ಹಾಗೆ ನೋಡಿ. ಬಿಲ್ ಇರುವ 36 ಲಕ್ಷದ ಟಿಟಿ, ಬಿಲ್ ಇಲ್ಲದ 33 ಲಕ್ಷದ ಟಿಟಿಗಿಂತ ಅಗ್ಗ.

ಚೌಕಾಸಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಸೆಸ್ ಇಲ್ಲದೆ 40% ಆಯಿತು. ಮೊದಲು ಸೆಸ್ ಸೇರಿ 50% ವರೆಗೆ ಇತ್ತು. ಹೊಸ ಕಾರಿನ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಬೇಕು. ಹಳೇ ರೇಟು ಹಿಡಿದು ಕೂತಿರುವ ಮಾರಾಟಗಾರರಿಗೆ ಇದನ್ನು ನೆನಪಿಸಿ.

ಟಿಟಿ ಓಡಿಸಿ ನೋಡಿಯೂ ಮನಸ್ಸು ಬಾಕ್ಸ್‌ಸ್ಟರ್ ಅಂತಲೇ ಹೇಳಿದರೆ ಅದಕ್ಕೂ ಬೆಲೆ ಇದೆ. ಅದೊಂದು ಅದ್ಭುತ ಗಾಡಿ. ಆದರೆ ಕರ್ನಾಟಕ ನಂಬರಿನದ್ದು, ಪೂರ್ತಿ ಸರ್ವಿಸ್ ದಾಖಲೆ ಇರುವುದು ಸಿಗುವ ತನಕ ಕಾಯಿರಿ. ಬೆಲೆ ಕೆಲವು ಲಕ್ಷ ಜಾಸ್ತಿಯಾದರೂ ಅಡ್ಡಿಯಿಲ್ಲ.

ಪ್ರಶ್ನೆ: ನಾನು ಹಾಸನದವನು, ಬೆಂಗಳೂರಿನಲ್ಲಿ ಕೆಲಸ. ಪ್ರತಿ ವಾರ ಊರಿಗೆ ಬರುತ್ತೇನೆ. ಬಜೆಟ್ 20 ಲಕ್ಷ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಅಥವಾ 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಯಾವುದು ಒಳ್ಳೆಯದು?

ಉತ್ತರ: ಆಕ್ಟೇವಿಯಾ ಆರ್‌ಎಸ್. ಯೋಚನೆಯೇ ಬೇಡ.

ಪೋಲೊ ಜಿಟಿಐ ಇಲ್ಲಿಗೆ ಬಂದದ್ದೇ 99 ಗಾಡಿ. ಅಪರೂಪದ್ದು, ಹಾಗಾಗಿ ರೀಸೇಲ್ ಚೆನ್ನಾಗಿರುತ್ತೆ ಅಂತ ಮಾರುವವರು ಹೇಳುತ್ತಾರೆ. ಆದರೆ ಅದು ಮೂರು ಬಾಗಿಲಿನ ಬಾಡಿ. ನಮ್ಮ ಐದು ಬಾಗಿಲಿನ ಪೋಲೊದ ಬಾಗಿಲು, ಪಕ್ಕದ ಗಾಜು ಅದಕ್ಕೆ ಕೂರಲ್ಲ. ಯಾರೋ ಬೈಕಿನವರು ಬಾಗಿಲಿಗೆ ಗುದ್ದಿದರೂ ಗಾಡಿ ತಿಂಗಳುಗಟ್ಟಲೆ ನಿಲ್ಲಬಹುದು. ಮೇಲಾಗಿ ಅದರದ್ದು ಡ್ರೈ ಕ್ಲಚ್ಚಿನ, ತಾನೇ ಗೇರ್ ಬದಲಿಸುವ 7 ಗೇರಿನ ಡಿಎಸ್‌ಜಿ. ಟ್ರಾಫಿಕ್‌ನಲ್ಲಿ ಬಿಸಿಯಾಗಿ, ಗೇರ್ ಬದಲಾವಣೆ ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೆಡುವ ವಿಷಯದಲ್ಲಿ ಆ ಗೇರ್‌ಬಾಕ್ಸಿಗೆ ಕೆಟ್ಟ ಹೆಸರಿದೆ. ಆಕ್ಟೇವಿಯಾ ಆರ್‌ಎಸ್‌ನಲ್ಲಿ ಆಯಿಲ್‌ನಲ್ಲಿ ಮುಳುಗಿದ ವೆಟ್ ಕ್ಲಚ್ಚಿನ 6 ಗೇರಿನದ್ದು. ಆಯಿಲ್ ಸರಿಯಾಗಿ ಬದಲಾಯಿಸಿದರೆ ವರ್ಷಗಟ್ಟಲೆ ಬಾಳುತ್ತದೆ. 230 ಪಿಎಸ್, ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ. ಅಪ್ಪ ಅಮ್ಮನನ್ನೂ ಆರಾಮಾಗಿ ಕೂರಿಸಿಕೊಂಡು ಹೋಗಬಹುದು.

ಒಂದೇ ಎಚ್ಚರಿಕೆ. ಈ ಗಾಡಿಗಳಲ್ಲಿ ಅನೇಕವನ್ನು ರೀಮ್ಯಾಪ್ ಮಾಡಿಸಿರುತ್ತಾರೆ, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸಿರುತ್ತಾರೆ. ಮಾರುವ ಮುಂಚೆ ಮತ್ತೆ ಕಂಪನಿಯ ಸೆಟ್ಟಿಂಗ್‌ಗೆ ತರುತ್ತಾರೆ. ಆದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಿಂದೆ ಸಿಕ್ಕಿಬಿದ್ದಿದ್ದರೆ ‘ಟಿಡಿ1’ ಅನ್ನುವ ಗುರುತು ದಾಖಲೆಯಲ್ಲಿ ಉಳಿದಿರುತ್ತದೆ. ಚಾಸಿ ನಂಬರ್ ಕೊಟ್ಟು ಕೇಳಿ. ಬ್ಯಾಂಕ್ ಸಾಲ ತೀರಿದೆಯಾ, ಎಷ್ಟನೇ ಮಾಲೀಕರು ಅನ್ನುವುದನ್ನು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ, ಅದನ್ನು ತೆಗೆಸುವ ಫಾರಂ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ.

ಪ್ರಶ್ನೆ: ಸಕಲೇಶಪುರದಲ್ಲಿದ್ದೇನೆ. ಮಳೆಗಾಲದಲ್ಲಿ ಸ್ಪೋರ್ಟ್ಸ್ ಕಾರು ಹೊರಗೆ ತೆಗೆಯಲ್ಲ. ನಾಲ್ಕು ತಿಂಗಳು ಸುಮ್ನೆ ನಿಲ್ಲಿಸಿದರೆ ಕೆಡುತ್ತಾ?

ಉತ್ತರ: ಕೆಡುತ್ತದೆ. ಓಡಿಸಿದ್ದಕ್ಕಿಂತ ನಿಲ್ಲಿಸಿದ್ದರಿಂದ ಹಾಳಾದ ಸ್ಪೋರ್ಟ್ಸ್ ಕಾರುಗಳು ಮಲೆನಾಡಿನಲ್ಲಿ ಜಾಸ್ತಿ. ಬ್ಯಾಟರಿಗೆ ಚಾರ್ಜ್ ಇಳಿಯದ ಹಾಗೆ ನೋಡಿಕೊಳ್ಳುವ ಮೇಂಟೇನರ್ ಚಾರ್ಜರ್ ಹಾಕಿಡಿ, ಯುಪಿಎಸ್ ಇರುವ ಲೈನಿನಿಂದ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ ಇರುವ ಹಾಗೆ ತುಂಬಿಸಿಡಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಆ ತೇವಕ್ಕೆ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಡಿ. ಮಳೆ ಬಿಡುವು ಕೊಟ್ಟ ದಿನ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತದೆ, ಅಷ್ಟೇ. ಹೊರಡುವ ಮುಂಚೆ ಪ್ರತಿ ಸಲ ಬಾನೆಟ್ ಎತ್ತಿ ವೈರುಗಳನ್ನು ನೋಡಿ. ಇಲಿ ಗೂಡು ಕಟ್ಟಲು ಒಂದು ವಾರ ಸಾಕು. ಆಮೇಲೆ ಅಂಗಳದಲ್ಲೇ ಎರಡು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ, ಹಿಡಿಯುತ್ತಿದೆ ಅಂತ ಖಾತ್ರಿಯಾದ ಮೇಲೆ ಗೇಟು ದಾಟಿ.