ಹಸ್ತಪ್ರತಿ ಹುಡುಕಲು ಮೊದಲು ರಿಸ್ಮ್ ನೋಡಿ

18ನೇ ಶತಮಾನದ ವಯೊಲಿನ್ ಸೊನಾಟಾ ಒಂದರ ಹಸ್ತಪ್ರತಿ ಎಲ್ಲಿದೆ ಅಂತ ದುಡ್ಡು ಕೊಡದೆ ಪತ್ತೆ ಹಚ್ಚುವುದು ಹೇಗೆ ಎಂದು ಕೇಳಿದ್ದೀರಿ. ಗೂಗಲ್ ಬಿಡಿ, ನೇರ ರಿಸ್ಮ್ ಆನ್‌ಲೈನ್‌ಗೆ ಹೋಗಿ. ಹಳೆಯ ಸಂಗೀತದ ಹಸ್ತಪ್ರತಿ, ಅಚ್ಚುಪ್ರತಿಗಳು ಯಾವ ಲೈಬ್ರರಿಯಲ್ಲಿವೆ ಅಂತ ಪಟ್ಟಿ ಮಾಡುವ, 1952ರಲ್ಲಿ ಶುರುವಾದ ಅಂತರರಾಷ್ಟ್ರೀಯ ಯೋಜನೆ ಅದು (RISM). ಹುಡುಕಲು ಲಾಗಿನ್ ಬೇಡ.

ಕೃತಿಯ ಹೆಸರು ಹಾಕಿ ಹುಡುಕಬೇಡಿ. ‘ಸೊನಾಟಾ’ ಅಂದರೆ ರಾಶಿ ಬೀಳುತ್ತದೆ, ಅದರ ಮೇಲೆ ನಕಲುಗಾರರು ರಚನಕಾರನ ಹೆಸರನ್ನೇ ತಪ್ಪಾಗಿ ಬರೆದಿರುವುದುಂಟು. ಬದಲಿಗೆ ಇನ್ಸಿಪಿಟ್ (ಕೃತಿ ಶುರುವಾಗುವ ಸ್ವರಗಳು) ಹುಡುಕಾಟದಲ್ಲಿ ಮೊದಲ ಎಂಟು-ಹತ್ತು ಸ್ವರ ಕೊಡಿ. ಸ್ವರಗಳ ನಡುವಿನ ಅಂತರವನ್ನಷ್ಟೇ ಹೋಲಿಸುವ ಆಯ್ಕೆ ಇಟ್ಟುಕೊಂಡರೆ ಬೇರೆ ಶ್ರುತಿಗೆ ಬದಲಾಯಿಸಿದ ಪ್ರತಿಯೂ ಸಿಗುತ್ತದೆ. ಏನೂ ಬಾರದಿದ್ದರೆ ಅಲಂಕಾರದ ಸ್ವರಗಳನ್ನು ಕೈಬಿಟ್ಟು ನೋಡಿ. ಸಿಕ್ಕ ನಮೂದಿನಲ್ಲಿ ಡಿ-ಬಿ (D-B) ಥರದ ಲೈಬ್ರರಿ ಸಂಕೇತ ಇರುತ್ತದೆ: ಡಿ ಅಂದರೆ ಜರ್ಮನಿ, ಬಿ ಅಂದರೆ ಬರ್ಲಿನ್ ಸ್ಟೇಟ್ ಲೈಬ್ರರಿ. ಜೊತೆಗಿರುವ ಶೆಲ್ಫ್‌ಮಾರ್ಕ್ (ಲೈಬ್ರರಿ ಆ ಪ್ರತಿಗೆ ಕೊಟ್ಟ ಗುರುತು ಸಂಖ್ಯೆ) ಬರೆದುಕೊಂಡು ಆ ಲೈಬ್ರರಿಯ ಡಿಜಿಟಲ್ ಸಂಗ್ರಹದಲ್ಲೂ ಹುಡುಕಿ. ರಿಸ್ಮ್‌ನಲ್ಲಿ ಲಿಂಕ್ ಇಲ್ಲ ಅಂದ ಮಾತ್ರಕ್ಕೆ ಸ್ಕ್ಯಾನ್ ಆಗಿಲ್ಲ ಅಂತಲ್ಲ.

ಅಚ್ಚಾದ ಪ್ರತಿಗೆ ಐಎಂಎಸ್‌ಎಲ್‌ಪಿ (IMSLP, ಸಂಗೀತ ಲಿಪಿಗಳ ಆನ್‌ಲೈನ್ ಸಂಗ್ರಹ) ಸಾಕು, ಆದರೆ ಹುಷಾರು. ಅಲ್ಲಿರುವ 19ನೇ ಶತಮಾನದ ಎಷ್ಟೋ ಆವೃತ್ತಿಗಳಲ್ಲಿ ಸ್ಲರ್ (ಸ್ವರಗಳನ್ನು ಜೋಡಿಸುವ ಗೆರೆ), ಡೈನಾಮಿಕ್ಸ್ (ಜೋರು-ಮೆದುವಿನ ಗುರುತು) ಎಲ್ಲ ಸಂಪಾದಕರ ಕೈಚಳಕ. ಪುಟದ ಅಡಿಯ ಪ್ಲೇಟ್ ಸಂಖ್ಯೆಯಿಂದ (ಅಚ್ಚಿಗಾಗಿ ಕೆತ್ತಿದ ಲೋಹದ ಫಲಕಕ್ಕೆ ಪ್ರಕಾಶಕರು ಕೊಟ್ಟ ಸಂಖ್ಯೆ) ವರ್ಷ ಅಂದಾಜಿಸಬಹುದು. ಆದರೆ ಅದು ಪ್ಲೇಟ್ ಕೆತ್ತಿದ ಕಾಲ, ಕೈಲಿರುವ ಪ್ರತಿ ಅಚ್ಚಾದ ಕಾಲವೇ ಆಗಬೇಕೆಂದಿಲ್ಲ. ಅದೇ ಪ್ಲೇಟಿನಿಂದ ಎಷ್ಟೋ ವರ್ಷ ಮರುಮುದ್ರಣ ಮಾಡುತ್ತಿದ್ದರು.

ಹಳೆಯ ಅಮೆರಿಕನ್ ಧ್ವನಿಮುದ್ರಿಕೆ ಬೇಕಾದರೆ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಿಎಎಚ್‌ಆರ್ (DAHR) ಎಂಬ ಆನ್‌ಲೈನ್ ಪಟ್ಟಿ ಇದೆ. ಲೇಬಲ್ ಮೇಲಿನ ಕ್ಯಾಟಲಾಗ್ ಸಂಖ್ಯೆಗಿಂತ ತಟ್ಟೆಯಲ್ಲೇ ಒತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆ (ಆ ಧ್ವನಿಮುದ್ರಣದ ಗುರುತು) ಹಾಕಿ, ಧ್ವನಿಮುದ್ರಣದ ದಿನಾಂಕ ಬೇಗ ಸಿಗುತ್ತದೆ.