ವಿಮಾನ ಸಿಮ್ಯುಲೇಟರ್‌ನಲ್ಲಿ ಉತ್ತರ ಧ್ರುವದ ಹತ್ತಿರ ಹೋದರೆ ಹೆಡಿಂಗ್ ಯಾಕೆ ಗಿರ್ರನೆ ತಿರುಗುತ್ತೆ?

89 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಹೆಡಿಂಗ್ ನಿಲ್ಲೋದೇ ಇಲ್ಲ, ಆಟೋಪೈಲಟ್ ತಾನಾಗಿ ವಾಲಿಕೊಂಡು ಸುತ್ತು ಹೊಡೆಯುತ್ತೆ, ಇದು ಬಗ್ ಇರಬಹುದಾ ಅಂತ ಕೇಳಿದ್ದೀರಿ. ಬಹುಪಾಲು ಅಲ್ಲ, ಅದು ಶುದ್ಧ ಜ್ಯಾಮಿತಿ.

ಹೆಡಿಂಗ್ ಅಂದರೆ ವಿಮಾನದ ಮೂತಿ ನೀವಿರುವ ಜಾಗದ ರೇಖಾಂಶಕ್ಕೆ (ಉತ್ತರ-ದಕ್ಷಿಣ ಗೆರೆಗೆ) ಎಷ್ಟು ಕೋನದಲ್ಲಿದೆ ಅನ್ನೋ ಲೆಕ್ಕ, ಅಷ್ಟೇ. ಸಮಭಾಜಕ ವೃತ್ತದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 60 ನಾಟಿಕಲ್ ಮೈಲಿ ಅಗಲ. 89 ಡಿಗ್ರಿ ಅಕ್ಷಾಂಶದಲ್ಲಿ ಹೆಚ್ಚುಕಮ್ಮಿ ಒಂದೇ ಮೈಲಿ. ಹಾಗಾಗಿ ಅಲ್ಲಿ ರೇಖಾಂಶಗಳನ್ನು ಬೇಗ ಬೇಗ ದಾಟ್ತೀರಿ, ಅಳೆಯುವ ಗೆರೆಯೇ ಬದಲಾಗುತ್ತಾ ಹೋಗುತ್ತೆ. 450 ನಾಟ್ (ಗಂಟೆಗೆ 450 ನಾಟಿಕಲ್ ಮೈಲಿ) ವೇಗದಲ್ಲಿ ಧ್ರುವದಿಂದ 10 ಮೈಲಿ ಪಕ್ಕಕ್ಕೆ ನೆಟ್ಟಗೆ ಹಾದುಹೋದರೂ, ತೀರಾ ಹತ್ತಿರ ಬಂದಾಗ ಹೆಡಿಂಗ್ ನಿಮಿಷಕ್ಕೆ ಸುಮಾರು 43 ಡಿಗ್ರಿಯಷ್ಟು ವೇಗದಲ್ಲಿ ತಿರುಗುತ್ತೆ. ರೆಕ್ಕೆ ಒಂಚೂರೂ ವಾಲಿರಲ್ಲ!

ಆಟೋಪೈಲಟ್ ಸುತ್ತೋದು ಇದರ ಮಗ್ಗುಲು. ಹೆಡಿಂಗ್ ಮೋಡ್‌ನಲ್ಲಿ 090 ಕೊಟ್ಟಿದ್ದೀರಿ ಅಂದುಕೊಳ್ಳಿ. ಸದಾ ಪೂರ್ವಕ್ಕೇ ಹೋಗು ಅಂದಂತಾಯ್ತು. ಧ್ರುವದಿಂದ 10 ಮೈಲಿಯಲ್ಲಿ ಆ ಮಾತು ಪಾಲಿಸಬೇಕಾದರೆ 16 ಡಿಗ್ರಿ ವಾಲಿಕೊಂಡು ಧ್ರುವದ ಸುತ್ತ ಪ್ರದಕ್ಷಿಣೆ ಹಾಕದೆ ಅದಕ್ಕೆ ಬೇರೆ ದಾರಿಯೇ ಇಲ್ಲ. 045, ಅಂದರೆ ಈಶಾನ್ಯ, ಕೊಟ್ಟರೆ ಸುರುಳಿಯಾಗಿ ಒಳಗೆ ಎಳೆದುಕೊಂಡು ಹೋಗುತ್ತೆ.

ಹಾಗಾಗಿ ಅಲ್ಲಿ ಹೆಡಿಂಗ್ ಮೋಡ್ ಬಿಡಿ, ಹಾಕಿಟ್ಟ ದಾರಿಯನ್ನೇ ಹಿಡಿದು ಹೋಗುವ ಜಿಪಿಎಸ್ ಅಥವಾ ಎಲ್‌ನ್ಯಾವ್ ಮೋಡ್‌ಗೆ ಹಾಕಿ. ವೇಪಾಯಿಂಟನ್ನು (ದಾರಿಯ ಗುರುತು ಬಿಂದುವನ್ನು) ನೇರ 90 ಡಿಗ್ರಿಗೆ ಇಡಬೇಡಿ. ಈಚೆ 88 ಉತ್ತರ, 20 ಪೂರ್ವ. ಆಚೆ 88 ಉತ್ತರ, 160 ಪಶ್ಚಿಮ. ಇವೆರಡರ ನಡುವಿನ ಅತಿ ಹತ್ತಿರದ ದಾರಿಯೇ ಧ್ರುವದ ಮೇಲೆ ಹೋಗುತ್ತೆ. ದಿಕ್ಸೂಚಿಯ ಉತ್ತರದಿಂದ ಅಳೆಯುವ ಮ್ಯಾಗ್ನೆಟಿಕ್ ಹೆಡಿಂಗ್ ಬಿಟ್ಟು, ಭೌಗೋಳಿಕ ಉತ್ತರದಿಂದ ಅಳೆಯುವ ಟ್ರೂ ಹೆಡಿಂಗ್ ಇಟ್ಟುಕೊಳ್ಳಿ. ನಿಜವಾದ ಬೋಯಿಂಗ್ 777 ಕೂಡ 82 ಡಿಗ್ರಿ ದಾಟಿದ ಮೇಲೆ ತಾನೇ ಟ್ರೂಗೆ ಬದಲಾಗುತ್ತೆ. ಕಾಂತಧ್ರುವ ಆ ಭಾಗದಲ್ಲೇ ಇರೋದರಿಂದ ಅಲ್ಲಿ ಕಾಂತಬಲ ಬಹುಪಾಲು ನೆಲದೊಳಕ್ಕೇ ಎಳೆಯುತ್ತೆ, ದಿಕ್ಸೂಚಿಗೆ ದಿಕ್ಕು ತೋರಿಸುವಷ್ಟು ಬಲ ಉಳಿಯಲ್ಲ. ಎಷ್ಟೋ ಸಿಮ್ಯುಲೇಟರ್‌ಗಳು ಈ ಕಷ್ಟ ತೋರಿಸದೆ ನಾಜೂಕಾಗಿ ಒಂದು ಅಂಕಿ ಕೊಟ್ಟುಬಿಡುತ್ತವೆ. ನನಗಂತೂ ಅದು ಬೇಜಾರು.

ಇನ್ನು ನಿಜವಾದ ಬಗ್ ಯಾವುದು? ವಿಮಾನ ನಿಜಕ್ಕೂ ತಿರುಗುತ್ತಿದೆಯಾ ಅಂತ ತೋರಿಸುವ ಟರ್ನ್ ಕೋಆರ್ಡಿನೇಟರ್ ಉಪಕರಣ ನೋಡಿ. ಅದು ಮಟ್ಟವಾಗಿದ್ದು ಹೆಡಿಂಗ್ ಮಾತ್ರ ಸುತ್ತುತ್ತಿದ್ದರೆ ಎಲ್ಲ ಸರಿಯಿದೆ. ವಿಮಾನ ನಡುಗಿದರೆ, ಜಿಗಿದರೆ, 90ರ ಹತ್ತಿರ ಸ್ಥಾನವೇ ಹೆಪ್ಪುಗಟ್ಟಿದರೆ ತಪ್ಪು ಸಾಫ್ಟ್‌ವೇರ್‌ದು. ಪೂರ್ವ-ಪಶ್ಚಿಮದ ಚಲನೆಯನ್ನು ಅಕ್ಷಾಂಶದ ಕೊಸೈನ್‌ನಿಂದ ಭಾಗಿಸುವ ಪ್ರೋಗ್ರಾಮ್ ಧ್ರುವದಲ್ಲಿ ಸೊನ್ನೆಯಿಂದ ಭಾಗಿಸಲು ಹೋಗಿ ಮುಗ್ಗರಿಸುತ್ತೆ. ಭೂಮಿಯ ಕೇಂದ್ರದಿಂದ ಎಕ್ಸ್, ವೈ, ಝೆಡ್ ಲೆಕ್ಕ ಹಾಕುವಂಥದಕ್ಕೆ ಆ ಗೋಳಿಲ್ಲ.

ದಕ್ಷಿಣ ಧ್ರುವಕ್ಕೆ ಹೋಗುವುದಾದರೆ ತಾರೀಖು ಡಿಸೆಂಬರ್‌ಗೆ ಇಡಿ, ಜೂನ್‌ನಲ್ಲಾದರೆ ಬರೀ ಕತ್ತಲು. ಧ್ರುವದಲ್ಲಿರುವ ಅಮುಂಡ್‌ಸೆನ್-ಸ್ಕಾಟ್ ಸಂಶೋಧನಾ ನಿಲ್ದಾಣ ಇರೋದು ಸುಮಾರು 2,835 ಮೀಟರ್ ಎತ್ತರದಲ್ಲಿ, ಇಳಿಯೋಕೆ ಸ್ಕೀ ಇರೋ ವಿಮಾನ ಬೇಕು. ಅಲ್ಲಿ ಎತ್ತ ನೋಡಿದರೂ ಉತ್ತರವೇ, ಅದಕ್ಕೇ ಗ್ರೀನಿಚ್ ರೇಖಾಂಶದ ಕಡೆಯನ್ನು ‘ಗ್ರಿಡ್ ಉತ್ತರ’ ಅಂತ ಇಟ್ಟುಕೊಂಡಿದ್ದಾರೆ.