ಓಟ ತಗ್ಗಿದ ಸ್ಟಾಪರ್ ಮತ್ತು ಇಗ್ನಾಶೆವಿಚ್: ನಿಮ್ಮ ಪ್ರಶ್ನೆಗೆ ಉತ್ತರ

ಮೂವತ್ತಾರು ದಾಟಿ ಓಟದಲ್ಲಿ ಹಿಂದೆ ಬೀಳುತ್ತಿರುವ ಫುಟ್‌ಬಾಲ್ ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಲ್ಲುವ ರಕ್ಷಣಾ ಆಟಗಾರ) ಇನ್ನೆಷ್ಟು ದಿನ ಆಡಬಹುದು, ಅಂಥವರು ಯಾರ ಆಟ ನೋಡಿ ಕಲಿಯಬೇಕು ಎಂದು ನೀವು ಕೇಳಿದ್ದಿರಿ. ರಷ್ಯಾದ ಸೆರ್ಗೆಯ್ ಇಗ್ನಾಶೆವಿಚ್ ಎಂದು ನಾನು ಬರೆದ ಕೂಡಲೇ, ಮತ್ತೊಬ್ಬ ಸದಸ್ಯರು "ಸ್ಪೇನ್ ವಿರುದ್ಧ ತನ್ನದೇ ಬಲೆಗೆ ಗೋಲು ಹಾಕಿದವರಲ್ಲವೇ" ಎಂದು ನಕ್ಕರು. ಹೌದು, ಅವರೇ. ಆ ಗೋಲಿನ ವಿಚಾರಕ್ಕೂ ಬರುತ್ತೇನೆ, ಏಕೆಂದರೆ ನಿಮಗೆ ಬೇಕಾದ ಪಾಠಗಳಲ್ಲಿ ಒಂದು ಅದರಲ್ಲಿಯೇ ಇದೆ.

1979ರ ಜುಲೈ 14ರಂದು ಮಾಸ್ಕೋದಲ್ಲಿ ಹುಟ್ಟಿದ ಇಗ್ನಾಶೆವಿಚ್, ದೊಡ್ಡ ಕ್ಲಬ್‌ನ ಹೆಬ್ಬಾಗಿಲಿನಿಂದ ವೃತ್ತಿಗೆ ಕಾಲಿಟ್ಟವರಲ್ಲ. ಒರೆಖೊವೊ-ಜುಯೆವೊ ಎಂಬ ಗಿರಣಿಗಳ ಊರಿನ ಸಣ್ಣ ತಂಡದಲ್ಲಿ ಆಟ ಆರಂಭಿಸಿ, 1999ರಲ್ಲಿ ವೋಲ್ಗಾ ದಂಡೆಯ ಸಮಾರಾ ನಗರದ ಕ್ರಿಲ್ಯಾ ಸೊವೆಟೊವ್ ಸೇರಿ, 2001ರಲ್ಲಷ್ಟೇ ಯೂರಿ ಸ್ಯೋಮಿನ್ ತರಬೇತಿಯಲ್ಲಿದ್ದ ಲೊಕೊಮೊಟಿವ್ ಮಾಸ್ಕೋ ತಂಡಕ್ಕೆ ಬಂದರು. 2002ರ ಋತುವಿನ ಕೊನೆಯಲ್ಲಿ ಲೊಕೊಮೊಟಿವ್ ಮತ್ತು ಸಿಎಸ್‌ಕೆಎ ಮಾಸ್ಕೋ ತಂಡಗಳ ಅಂಕಗಳು ಸಮವಾದವು. ಪ್ರಶಸ್ತಿಯ ನಿರ್ಣಯಕ್ಕೆಂದೇ ಏರ್ಪಡಿಸಿದ ಪಂದ್ಯದಲ್ಲಿ ಲೊಕೊಮೊಟಿವ್ 1-0 ಅಂತರದಿಂದ ಗೆದ್ದು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ರಷ್ಯಾದ ಲೀಗ್ ಚಾಂಪಿಯನ್ ಆಯಿತು. ತಮಾಷೆಯೆಂದರೆ, ಅಂದು ಸೋತ ಸಿಎಸ್‌ಕೆಎ ತಂಡವನ್ನೇ ಇಗ್ನಾಶೆವಿಚ್ 2004ರಲ್ಲಿ ಸೇರಿ, ನಿವೃತ್ತಿಯಾಗುವವರೆಗೂ, ಅಂದರೆ 2018ರ ತನಕ, ಅಲ್ಲಿಯೇ ಉಳಿದರು.

ಸಿಎಸ್‌ಕೆಎಯ ಹಿಂದಿನ ಸಾಲನ್ನು ನೋಡಿಯೇ ತಿಳಿಯಬೇಕು. ಗೋಲಿನಲ್ಲಿ ಇಗೊರ್ ಅಕಿನ್‌ಫೇವ್, ಮುಂದೆ ಅವಳಿ ಸಹೋದರರಾದ ವಾಸಿಲಿ ಮತ್ತು ಅಲೆಕ್ಸೆಯ್ ಬೆರೆಜುತ್‌ಸ್ಕಿ, ಅವರ ಜೊತೆ ಇಗ್ನಾಶೆವಿಚ್. ತರಬೇತುದಾರರು ಗಜ್ಜಾಯೆವ್‌ರಿಂದ ಸ್ಲುತ್‌ಸ್ಕಿಯವರೆಗೆ ಬದಲಾದರು, ಮೂವರ ಸಾಲು ನಾಲ್ವರ ಸಾಲಾಯಿತು, ಆದರೆ ಈ ಹೆಸರುಗಳು ಒಂದು ದಶಕಕ್ಕೂ ಹೆಚ್ಚು ಕಾಲ ಅಲುಗಲಿಲ್ಲ. 2005ರ ಮೇ 18ರಂದು ಲಿಸ್ಬನ್‌ನಲ್ಲಿ, ಸ್ಪೋರ್ಟಿಂಗ್ ತಂಡದ ತವರು ಅಂಗಳದಲ್ಲಿಯೇ ನಡೆದ, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಮೊದಲು ಒಂದು ಗೋಲು ಬಿಟ್ಟುಕೊಟ್ಟ ಸಿಎಸ್‌ಕೆಎ, ದ್ವಿತೀಯಾರ್ಧದಲ್ಲಿ ಮೂರು ಗೋಲು ಹೊಡೆದು 3-1ರಿಂದ ಗೆದ್ದಿತು. ಯುಇಎಫ್‌ಎ ಕಪ್ ಗೆದ್ದ ಮೊದಲ ರಷ್ಯನ್ ತಂಡ ಅದು, ಅಂದು ಅದರ ನಾಯಕರಾಗಿದ್ದವರು ಇಗ್ನಾಶೆವಿಚ್. ಸಿಎಸ್‌ಕೆಎಯಲ್ಲಿ ಗೆದ್ದ ಐದು ಲೀಗ್ ಪ್ರಶಸ್ತಿಗಳಿಗೆ ಲೊಕೊಮೊಟಿವ್‌ನ ಒಂದನ್ನು ಕೂಡಿಸಿದರೆ ಒಟ್ಟು ಆರಾಗುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಓಟವನ್ನು ನೆಚ್ಚಿ ಆಡಿದ ರಕ್ಷಣಾ ಆಟಗಾರರಲ್ಲ ಇಗ್ನಾಶೆವಿಚ್. ಹಾಗಾಗಿ ವಯಸ್ಸು ಅವರಿಂದ ಕಿತ್ತುಕೊಳ್ಳಬಹುದಾದದ್ದು ಕಡಿಮೆಯಿತ್ತು ಎಂಬುದು ನನ್ನ ಅಭಿಪ್ರಾಯ. ಅವರ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಅವರ ಪಾದಗಳನ್ನೇ ಹತ್ತು ನಿಮಿಷ ಗಮನಿಸಿ. ಎದುರಾಳಿ ಮಿಡ್‌ಫೀಲ್ಡರ್ ಉದ್ದದ ಪಾಸ್ ಕೊಡಲು ತಲೆ ಎತ್ತಿದ ಗಳಿಗೆಯಲ್ಲಿಯೇ, ಚೆಂಡು ಇನ್ನೂ ಕಾಲು ಬಿಡುವ ಮೊದಲು, ಅವರು ಅಡ್ಡ ನಿಂತು ಹಿಂದಕ್ಕೆ ಸರಿಯುತ್ತಿರುತ್ತಾರೆ. ಸ್ಟ್ರೈಕರ್ ಓಡಲು ಆರಂಭಿಸುವ ಹೊತ್ತಿಗೆ ಅವರಿಗೆ ಎರಡು ಗಜದ ಮುನ್ನಡೆ ಸಿಕ್ಕಿರುತ್ತದೆ. ನಮ್ಮಂಥ ಭಾನುವಾರದ ಆಟಗಾರರು ಮಾಡುವ ತಪ್ಪು ಇದಕ್ಕೆ ತದ್ವಿರುದ್ಧವಾದದ್ದು: ನೆಟ್ಟಗೆ ನಿಂತು ಚೆಂಡನ್ನೇ ನೋಡುತ್ತೇವೆ, ಅದು ತಲೆಯ ಮೇಲೆ ಹಾರಿದ ಬಳಿಕ ತಿರುಗುತ್ತೇವೆ, ಆಮೇಲೆ ಮೊಣಕಾಲನ್ನು ಬೈಯುತ್ತೇವೆ. ಎದುರಾಳಿಯ ತಲೆ ಮೇಲೆದ್ದರೆ ಹಿಂದೆ ಸರಿಯಬೇಕು, ಬೆನ್ನು ತಿರುಗಿದರೆ ಮುಂದೆ ಒತ್ತಬೇಕು. ವಾರಕ್ಕೆರಡು ಬಾರಿ ಇದೊಂದನ್ನೇ ಅಭ್ಯಾಸ ಮಾಡಿ.

ಎರಡನೆಯದು ಕಾಲಿನ ಕಸುಬು. ಇಗ್ನಾಶೆವಿಚ್ ಹಿಂದಿನಿಂದ ಉದ್ದದ ಪಾಸ್ ಕೊಟ್ಟು ಆಟ ಕಟ್ಟುತ್ತಿದ್ದರು, ದೂರದ ಫ್ರೀ ಕಿಕ್‌ಗಳನ್ನು ಬಲವಾಗಿ ಹೊಡೆಯುತ್ತಿದ್ದರು, ಪೆನಾಲ್ಟಿ ಒದೆಯುವ ಹೊಣೆಯನ್ನೂ ಹೊರುತ್ತಿದ್ದರು. ಚೆಂಡು ಸಿಕ್ಕಾಗ ಎಲ್ಲೆಂದರಲ್ಲಿ ಒದೆಯುವ ಸ್ಟಾಪರ್ ಮರುಕ್ಷಣವೇ ಮತ್ತೊಂದು ದಾಳಿ ಎದುರಿಸಬೇಕಾಗುತ್ತದೆ. ಒಳ್ಳೆಯ ಪಾಸ್ ಕೊಟ್ಟವನಿಗೆ ಉಸಿರಾಡಲು ಅರ್ಧ ನಿಮಿಷವಾದರೂ ಸಿಗುತ್ತದೆ. ಮೂವತ್ತಾರರ ನಂತರ ಆ ಅರ್ಧ ನಿಮಿಷದ ಬೆಲೆ ನಿಮಗೇ ಗೊತ್ತು.

ರಾಷ್ಟ್ರೀಯ ತಂಡದ ಕಥೆ ಇಷ್ಟು ನೇರವಾದುದಲ್ಲ. 2002ರ ಆಗಸ್ಟ್‌ನಲ್ಲಿ ಸ್ವೀಡನ್ ವಿರುದ್ಧ ಮೊದಲ ಪಂದ್ಯ ಆಡಿದ ಅವರು ಒಟ್ಟು 127 ಪಂದ್ಯಗಳನ್ನು ಆಡಿ ರಷ್ಯಾದ ಪರ ದಾಖಲೆ ಬರೆದರು. ಯುರೋಪಿನ ರಾಷ್ಟ್ರಗಳ ಟೂರ್ನಿಯಾದ ಯೂರೊ 2008ರಲ್ಲಿ ಗುಸ್ ಹಿಡಿಂಕ್ ತರಬೇತಿಯ ರಷ್ಯಾ ಸೆಮಿಫೈನಲ್ ತಲುಪಿದಾಗಲೂ ಅವರಿದ್ದರು. ಆದರೆ 2006 ಮತ್ತು 2010ರ ವಿಶ್ವಕಪ್‌ಗಳಿಗೆ ರಷ್ಯಾ ಅರ್ಹತೆ ಪಡೆಯದ ಕಾರಣ ಮೊದಲ ವಿಶ್ವಕಪ್ ಆಡುವಾಗ ಅವರಿಗೆ ಮೂವತ್ತೈದು ತುಂಬುತ್ತಿತ್ತು. ಯೂರೊ 2016ರಲ್ಲಿ ವೇಲ್ಸ್ ಎದುರು 3-0ರಿಂದ ಸೋತು ಹೊರಬಿದ್ದ ರಷ್ಯಾದ ಮುದಿ ರಕ್ಷಣಾ ಸಾಲಿನ ಮೇಲೆ ಟೀಕೆಗಳ ಮಳೆಯೇ ಸುರಿಯಿತು, ಇಗ್ನಾಶೆವಿಚ್ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. 2018ರ ತವರಿನ ವಿಶ್ವಕಪ್‌ಗೆ ಮುನ್ನ ರಕ್ಷಣಾ ಆಟಗಾರರಾದ ವಾಸಿನ್, ಜಿಕಿಯಾ, ಕಂಬೊಲೊವ್ ಒಬ್ಬರ ಹಿಂದೊಬ್ಬರು ಗಾಯಗೊಂಡಾಗ ತರಬೇತುದಾರ ಚೆರ್ಚೆಸೊವ್ ಮತ್ತೆ ಅವರನ್ನೇ ಕರೆಯಬೇಕಾಯಿತು. ಅವರು ಬಂದರು, ತಂಡದ ಐದೂ ಪಂದ್ಯಗಳನ್ನು ಆಡಿದರು.

ಇನ್ನು ಆ ಗೋಲು. ಅದೇ ವಿಶ್ವಕಪ್‌ನ ಸ್ಪೇನ್ ಪಂದ್ಯ, ಜುಲೈ 1, ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣ, 12ನೇ ನಿಮಿಷ. ಬಲಬದಿಯಿಂದ ಸ್ಪೇನ್‌ನ ಅಸೆನ್ಸಿಯೊ ಫ್ರೀ ಕಿಕ್ ಒದೆಯುವಾಗ ಇಗ್ನಾಶೆವಿಚ್ ಅದೇ ತಂಡದ ಸೆರ್ಜಿಯೊ ರಾಮೊಸ್ ಅವರನ್ನು ತಬ್ಬಿ ಹಿಡಿದಿದ್ದರು. ಕಣ್ಣು ರಾಮೊಸ್ ಮೇಲೆ, ಬೆನ್ನು ಚೆಂಡಿನ ಕಡೆ. ಇಬ್ಬರೂ ಉರುಳುವಾಗ ಚೆಂಡು ಇಗ್ನಾಶೆವಿಚ್ ಕಾಲಿಗೆ ಹಿಂದಿನಿಂದ ತಾಗಿ ಒಳಗೆ ಹೋಯಿತು. ಓಟದಲ್ಲಿ ಸೋಲುತ್ತೇನೆಂಬ ಭಯ ಇರುವ ಸ್ಟಾಪರ್‌ಗೆ ಎದುರಾಳಿಯನ್ನು ಕೈಯಿಂದ ಹಿಡಿದಿಡುವ ಆಸೆ ಸಹಜ, ಆದರೆ ಹಿಡಿದ ಕೂಡಲೇ ಚೆಂಡು ಕಣ್ಣಿನಿಂದ ಮರೆಯಾಗುತ್ತದೆ. ಮುಂಗೈಯನ್ನು ಎದುರಾಳಿಯ ಮೈಗೆ ತಾಗಿಸಿ ಅವನ ಚಲನೆ ಅರಿಯಿರಿ, ಮುಖವನ್ನು ಮಾತ್ರ ಚೆಂಡಿನ ಕಡೆಗೇ ಇಡಿ.

ನಕ್ಕ ಸದಸ್ಯರು ಮುಂದಿನ ನೂರೆಂಟು ನಿಮಿಷ ನೋಡಿರಲಿಕ್ಕಿಲ್ಲ. ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಮಾಡಿದರೂ, ಐವರ ಸಾಲಿನ ನಡುವಿದ್ದ ಈ ಮೂವತ್ತೆಂಟರ ಆಟಗಾರನನ್ನು ದಾಟಿ ಇನ್ನೊಂದು ಗೋಲು ಹೊಡೆಯಲಾಗಲಿಲ್ಲ. ಪಂದ್ಯ 1-1ರಲ್ಲಿ ನಿಂತು ಪೆನಾಲ್ಟಿ ಶೂಟೌಟ್‌ಗೆ ಹೋದಾಗ, ರಷ್ಯಾದ ಎರಡನೇ ಒದೆತಕ್ಕೆ ನಡೆದು ಬಂದವರೂ ಇಗ್ನಾಶೆವಿಚ್, ಚೆಂಡು ಬಲೆ ಸೇರಿತು, ರಷ್ಯಾ 4-3ರಿಂದ ಗೆದ್ದಿತು. ಆರು ದಿನಗಳ ನಂತರ ಸೋಚಿಯಲ್ಲಿ ಕ್ರೊಯೇಷಿಯಾ ಎದುರು ಮತ್ತೆ 120 ನಿಮಿಷ, ಮತ್ತೆ ಶೂಟೌಟ್, ಮತ್ತೆ ಅವರ ಒದೆತ ಗೋಲಾಯಿತು. ತಂಡ ಸೋತಿತು, ಅದೇ ಅವರ ವೃತ್ತಿಜೀವನದ ಕೊನೆಯ ಪಂದ್ಯವಾಯಿತು.

ಮೊದಲು ಸ್ಪೇನ್ ಪಂದ್ಯದ ದ್ವಿತೀಯಾರ್ಧವನ್ನು ಪೂರ್ತಿ ನೋಡಿ, ಹೈಲೈಟ್ಸ್ ಬೇಡ, ಅದರಲ್ಲಿ ಸ್ಟಾಪರ್‌ನ ಕೆಲಸ ಕಾಣುವುದಿಲ್ಲ. ಆಮೇಲೆ ಲಿಸ್ಬನ್ ಫೈನಲ್ ನೋಡಿ, ಇಪ್ಪತ್ತೈದರ ಇಗ್ನಾಶೆವಿಚ್ ಮತ್ತು ಮೂವತ್ತೆಂಟರ ಇಗ್ನಾಶೆವಿಚ್ ಎಷ್ಟು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರೆಂಬುದನ್ನು ಹೋಲಿಸಿ ಇಲ್ಲಿ ಬರೆಯಿರಿ.